40x60 ನಿವೇಶನದಲ್ಲಿ ಮನೆ ಮುಂದೆ ಮರದ ಜಗುಲಿ: ಪರವಾನಗಿ ಬೇಕೇ?

ಪ್ರಶ್ನೆ: ಗೋಕುಲಂ ನಿವಾಸಿ

ಎಲ್ಲರಿಗೂ ನಮಸ್ಕಾರ. ಮೈಸೂರಿನ ಗೋಕುಲಂ ಮೂರನೇ ಹಂತದಲ್ಲಿ, ಪಶ್ಚಿಮಕ್ಕೆ ಮುಖ ಮಾಡಿರುವ 40x60 ನಿವೇಶನದಲ್ಲಿ, ನಮ್ಮ ತಂದೆಯವರು 1994ರಲ್ಲಿ ಕಟ್ಟಿಸಿದ ಮನೆಯಿದೆ. ಮುಂಬಾಗಿಲಿನ ಎದುರು, ಈಗ ಮೂರು ಮೆಟ್ಟಿಲುಗಳಿರುವ ಜಾಗದಲ್ಲಿ, 14 ಅಡಿ ಉದ್ದ, 8 ಅಡಿ ಅಗಲದ ಮರದ ಜಗುಲಿಯೊಂದನ್ನು ನೆಲದಿಂದ ಎರಡಡಿ ಎತ್ತರದಲ್ಲಿ ಮಾಡಿಸಿ, ಕಬ್ಬಿಣದ ಕಂಬಗಳನ್ನು ನಿಲ್ಲಿಸಿ ಮಂಗಳೂರು ಹೆಂಚು ಹೊದಿಸಬೇಕೆಂದು ಯೋಚಿಸಿದ್ದೇವೆ. ಅಮ್ಮನಿಗೆ ಸಂಜೆ ಹೊರಗೆ ಕುಳಿತು ಹೂ ಕಟ್ಟುವ ಅಭ್ಯಾಸ. ಮಂಡಿನೋವು ಬಂದ ಮೇಲೆ ಮೆಟ್ಟಿಲಿಳಿದು ಅಂಗಳಕ್ಕೆ ಬರಲಾಗುತ್ತಿಲ್ಲ.

ನಮ್ಮ ಕಂಟ್ರಾಕ್ಟರ್ ಹೇಳುವುದು ಇಷ್ಟು: "ಗಾರೆ ಕೆಲಸವೇ ಇಲ್ಲ, ಬೋಲ್ಟ್ ಬಿಚ್ಚಿದರೆ ಕಳಚಿ ಬರುತ್ತದೆ, ಇದಕ್ಕೆ ಪರವಾನಗಿ ಯಾರು ಕೇಳುತ್ತಾರೆ? ಕೇಳಿದರೂ ಅಕ್ರಮ-ಸಕ್ರಮದಲ್ಲಿ ಸರಿಹೋಗುತ್ತದೆ." ಪಕ್ಕದ ರಸ್ತೆಯಲ್ಲಿ ಹೀಗೆ ಮುಂದಕ್ಕೆ ಚಾಚಿಕೊಂಡ ಮನೆಗಳು ಹಲವಿವೆ, ಆದ್ದರಿಂದ ಅವರ ಮಾತನ್ನು ಪೂರ್ತಿ ತಳ್ಳಿಹಾಕಲೂ ಆಗುತ್ತಿಲ್ಲ. ಮಂಜೂರಾದ ನಕ್ಷೆ ಬೀರುವಿನಲ್ಲಿ ಭದ್ರವಾಗಿದೆ. ಮುಂಭಾಗದಲ್ಲಿ 10 ಅಡಿ ತೆರವು ಬಿಟ್ಟಂತೆ ಅದರಲ್ಲಿದೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ: ನಿವೃತ್ತ ಸಿವಿಲ್ ಇಂಜಿನಿಯರ್, ಸರಸ್ವತಿಪುರಂ

ನಿಮ್ಮ ಕಂಟ್ರಾಕ್ಟರ್ ಹೇಳಿದ ಎರಡೂ ಮಾತು ತಪ್ಪು. ಕರ್ನಾಟಕ ಮಹಾನಗರ ಪಾಲಿಕೆಗಳ ಅಧಿನಿಯಮ, 1976 'ಕಟ್ಟಡ' ಎಂಬ ಪದಕ್ಕೆ ಅರ್ಥ ಹೇಳುವಾಗ ಇಟ್ಟಿಗೆ, ಮರ, ಮಣ್ಣು, ಲೋಹ ಅಥವಾ ಇನ್ನಾವುದೇ ವಸ್ತುವಿನಿಂದ ಮಾಡಿದ ರಚನೆಯನ್ನೂ ಒಳಗೊಳ್ಳುತ್ತದೆ. ಹಾಗಾಗಿ ಗಾರೆ ಇಲ್ಲ, ಬರೀ ಬೋಲ್ಟು ಎಂಬ ವಾದ ಅಲ್ಲಿಗೆ ನಿಂತುಹೋಗುತ್ತದೆ. ಅಕ್ರಮ-ಸಕ್ರಮಕ್ಕೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಆ ಯೋಜನೆಯನ್ನು ನೆಚ್ಚಿಕೊಂಡು ಇಂದು ಕಂಬ ನೆಡುವುದು ಬುದ್ಧಿವಂತಿಕೆಯಲ್ಲ. ಪರವಾನಗಿಯಿಲ್ಲದೆ ಅಥವಾ ಪರವಾನಗಿಗೆ ವಿರುದ್ಧವಾಗಿ ಕೆಲಸ ಶುರುವಾಗಿದ್ದರೆ, ಅದೇ ಅಧಿನಿಯಮದ 321ನೇ ಪ್ರಕರಣದಡಿ ಆಯುಕ್ತರು ತೆರವಿಗೆ ತಾತ್ಕಾಲಿಕ ಆದೇಶ ಹೊರಡಿಸಿ, ಕಾರಣ ಕೇಳಿ ನೋಟಿಸ್ ಕೊಡಬಹುದು. ಪಕ್ಕದ ರಸ್ತೆಯವರೂ ಕಟ್ಟಿದ್ದಾರೆ ಎಂಬುದು ಆ ನೋಟಿಸಿಗೆ ಉತ್ತರವಾಗುವುದಿಲ್ಲ.

ಆದರೆ ನಿಜವಾದ ತೊಡಕು ಜಗುಲಿಯದಲ್ಲ, ಹೆಂಚಿನದು. ಸೆಟ್‌ಬ್ಯಾಕ್ ಎಂದರೆ ಆಕಾಶಕ್ಕೆ ತೆರೆದಿರಬೇಕಾದ ಜಾಗ. ಹತ್ತಡಿಯಲ್ಲಿ ಎಂಟಡಿಗೆ ಮಾಡು ಹಾಕಿದರೆ ನಕ್ಷೆಯಲ್ಲಿ ತೆರವೆಂದು ತೋರಿಸಿದ ಜಾಗ ಹೋಯಿತು, ಕಟ್ಟಡದ ವಿಸ್ತೀರ್ಣವೂ ಹೆಚ್ಚಿತು, ಅದರೊಂದಿಗೆ ಸ್ವಯಂಘೋಷಿತ ಆಸ್ತಿ ತೆರಿಗೆಯ ಲೆಕ್ಕವೂ ಬದಲಾಯಿತು. ಮಾಡಿಲ್ಲದ, ಗಿಡ್ಡನೆಯ, ಮೆಟ್ಟಿಲಿನ ಮುಂದುವರಿಕೆಯಂತಿರುವ ಕಟ್ಟೆಯನ್ನು ಅಧಿಕಾರಿಗಳು ನೋಡುವ ರೀತಿಯೇ ಬೇರೆ. ಆದರೂ ಅದನ್ನು ಬಾಯಿಮಾತಿಗೆ ಬಿಡದೆ ನಕ್ಷೆಯಲ್ಲಿ ಬರೆಸಿಯೇ ಕೇಳಬೇಕು.

ಇನ್ನು ಎಲ್ಲಿಂದ ಶುರು ಮಾಡಬೇಕೆಂದರೆ, ಅರ್ಜಿಯಿಂದಲ್ಲ, ಅಳತೆ ಟೇಪಿನಿಂದ. ನಕ್ಷೆಯಲ್ಲಿರುವ ಹತ್ತಡಿ ನೆಲದ ಮೇಲೆ ಹತ್ತಡಿಯೇ ಇದೆಯೇ ಎಂದು ಮೊದಲು ನೋಡಿ. ಮೂವತ್ತು ವರ್ಷದ ಮನೆಯಲ್ಲಿ ಗೋಡೆಗೆ ಕಲ್ಲು ಅಂಟಿಸಿರುತ್ತಾರೆ, ಕಾಂಪೌಂಡನ್ನು ಒಡೆದು ಒಂದಿಷ್ಟು ಒಳಗೆ ಕಟ್ಟಿರುತ್ತಾರೆ. ಬಳಿಕ ಖಾತೆ, ಈ ಸಾಲಿನ ಕಂದಾಯದ ರಸೀದಿ, ಹಳೆಯ ಮಂಜೂರಾತಿ ನಕ್ಷೆ ಹಿಡಿದು ನೋಂದಾಯಿತ ವಾಸ್ತುಶಿಲ್ಪಿ ಅಥವಾ ಇಂಜಿನಿಯರ್ ಒಬ್ಬರನ್ನು ಕಾಣಿರಿ. ಇರುವ ಕಟ್ಟಡವನ್ನೂ ಸೇರಿಸಬೇಕಾದುದನ್ನೂ ಬೇರೆ ಬೇರೆ ಬಣ್ಣದಲ್ಲಿ ತೋರಿಸಿದ ನಕ್ಷೆಯನ್ನು ಅವರೇ ಸಲ್ಲಿಸುತ್ತಾರೆ. ನಿಮ್ಮ ಬೀದಿಯ ವಿದ್ಯುತ್ ತಂತಿ ಕಾಂಪೌಂಡಿನ ಪಕ್ಕದಲ್ಲೇ ಹೋಗಿದ್ದರೆ ಅದನ್ನೂ ಗಮನಿಸಿ. ಸಾಮಾನ್ಯ ಮನೆಬಳಕೆಯ ತಂತಿಗೂ ಕಟ್ಟಡಕ್ಕೂ ಅಡ್ಡಲಾಗಿ ಕನಿಷ್ಠ 1.2 ಮೀಟರ್ ಅಂತರವಿರಬೇಕು.

ಉತ್ತರ: ಕುವೆಂಪುನಗರದ ಗೃಹಿಣಿ

ಮೇಲಿನ ಹಿರಿಯರ ಮಾತಿಗೆ ನಮ್ಮ ಮನೆಯದೇ ಸಾಕ್ಷಿ ಕೊಡುತ್ತೇನೆ. ನಾವು ಆರು ವರ್ಷದ ಹಿಂದೆ ಯಾರನ್ನೂ ಕೇಳದೆ ಇಂಥದ್ದೇ ಹೆಂಚಿನ ಚಾವಡಿ ಮಾಡಿಸಿದೆವು. ಯಾರೂ ಬಂದು ಕೇಳಲಿಲ್ಲ, ನಿಜ. ಮಗಳ ಓದಿಗೆಂದು ಮನೆಯ ಮೇಲೆ ಸಾಲಕ್ಕೆ ಹೋದಾಗ ಬ್ಯಾಂಕಿನವರು ಕಳುಹಿಸಿದ ಮೌಲ್ಯಮಾಪಕರು ನಕ್ಷೆಯನ್ನು ಕಾರಿನ ಬಾನೆಟ್ ಮೇಲೆ ಹರಡಿ, ಟೇಪ್ ಹಿಡಿದು, 'ಮುಂಭಾಗದಲ್ಲಿ ವ್ಯತ್ಯಾಸ' ಎಂದು ಒಂದೇ ಸಾಲು ಬರೆದುಕೊಂಡು ಹೋದರು. ಆ ಒಂದು ಸಾಲಿಗಾಗಿ ಮೂರು ತಿಂಗಳು ಓಡಾಡಿ, ಕೊನೆಗೆ ಹೆಂಚು ಇಳಿಸಿ, ಕಂಬ ಕೊಯ್ಸಿ, ಫೋಟೋ ಕೊಟ್ಟ ಮೇಲೆಯೇ ಸಾಲ ಮಂಜೂರಾಯಿತು.

ಇನ್ನೊಂದು ಮಾತು, ಇದನ್ನು ಯಾವ ಇಂಜಿನಿಯರೂ ನಮಗೆ ಹೇಳಿರಲಿಲ್ಲ. ನಮ್ಮ ಕಡೆ ನೀರಿನ ಸಂಪು, ಒಳಚರಂಡಿಯ ಚೇಂಬರ್, ನೀರಿನ ಮೀಟರ್ ಮೂರೂ ಸಾಮಾನ್ಯವಾಗಿ ಮನೆ ಮುಂದಿನ ಆ ಹತ್ತಡಿಯಲ್ಲೇ ಇರುತ್ತವೆ. ನಮ್ಮ ಬಡಗಿ ಹಲಗೆಗಳನ್ನು ಚೇಂಬರಿನ ಮೇಲೆಯೇ ಸಾಲಾಗಿ ಜಡಿದುಬಿಟ್ಟಿದ್ದ. ಆಯುಧಪೂಜೆಯ ದಿನವೇ ಅದು ಕಟ್ಟಿಕೊಂಡು, ಬಾಳೆಕಂದು ಕಟ್ಟಿದ ಜಗುಲಿಯನ್ನು ನೆಂಟರ ಎದುರಿಗೆ ಕಿತ್ತದ್ದು ಈಗ ನಗು ತರಿಸುತ್ತದೆ, ಅಂದು ತರಿಸಲಿಲ್ಲ.

ಉತ್ತರ: ಶ್ರೀರಂಗಪಟ್ಟಣದಿಂದ

ಗೋಕುಲಂನವರಿಗೆ ಇದು ಅನ್ವಯಿಸದು, ಆದರೆ ಮಂಡ್ಯ ಜಿಲ್ಲೆಯ ಓದುಗರೂ ಇಲ್ಲಿರುವುದರಿಂದ ಬರೆಯುತ್ತಿದ್ದೇನೆ. ನಮ್ಮ ಪಟ್ಟಣದಲ್ಲಿ ದರಿಯಾ ದೌಲತ್, ಗುಂಬಜ್‌ನಂಥ ಕೇಂದ್ರ ಸಂರಕ್ಷಿತ ಸ್ಮಾರಕಗಳಿವೆ. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ ಆದ 2010ರ ತಿದ್ದುಪಡಿಯ ನಂತರ ಇಂಥ ಸ್ಮಾರಕದ ಎಲ್ಲೆಯಿಂದ 100 ಮೀಟರ್ ನಿಷೇಧಿತ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ನಿಯಂತ್ರಿತ ಪ್ರದೇಶದಲ್ಲಿ ಹೊಸದಾಗಿ ಏನನ್ನಾದರೂ ಕಟ್ಟಲು ಪುರಸಭೆಯ ಪರವಾನಗಿಯೊಂದೇ ಸಾಲದು, ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಶಿಫಾರಸಿನ ಮೇಲೆ ಸಿಗುವ ಅನುಮತಿಯೂ ಬೇಕು.

ಉತ್ತರ: ಮರಗೆಲಸದವನು, ಬನ್ನಿಮಂಟಪ

ಕಾನೂನು ನನ್ನ ವಿಷಯವಲ್ಲ, ಮರದ ಬಗ್ಗೆ ಹೇಳುತ್ತೇನೆ. ಪಶ್ಚಿಮಕ್ಕೆ ತೆರೆದ ಜಗುಲಿಗೆ ಬೇಸಿಗೆಯಲ್ಲಿ ಮಧ್ಯಾಹ್ನದ ನಂತರದ ಬಿಸಿಲೂ, ಮುಂಗಾರಿನಲ್ಲಿ ಎರಚಲೂ ನೇರವಾಗಿ ಹೊಡೆಯುತ್ತವೆ. ತೇಗವಾಗಲಿ ಹೊನ್ನೆಯಾಗಲಿ, ಮರದ ಕಾಲು ಮಣ್ಣನ್ನು ಮುಟ್ಟಕೂಡದು. ಮುಟ್ಟಿದರೆ ಗೆದ್ದಲು ಮೊದಲು ಹಿಡಿಯುವುದು ಅಲ್ಲಿಯೇ. ಕಲ್ಲಿನ ದಿಂಡುಗಳ ಮೇಲೆ ಕಬ್ಬಿಣದ ಚೌಕಟ್ಟು ಕೂರಿಸಿ, ಹಲಗೆಗಳ ನಡುವೆ ಐದಾರು ಮಿಲಿಮೀಟರ್ ಸಂದು ಬಿಡಿಸಿ. ಸಂದಿಲ್ಲದೆ ಒತ್ತೊತ್ತಾಗಿ ಕೂರಿಸಿದ ಹಲಗೆ ಮಳೆಗಾಲದಲ್ಲಿ ಊದಿಕೊಂಡು ಎದ್ದು ನಿಲ್ಲುತ್ತದೆ.

ಮರುಉತ್ತರ: ಗೋಕುಲಂ ನಿವಾಸಿ

ಎಲ್ಲರಿಗೂ ಧನ್ಯವಾದಗಳು. ನಿನ್ನೆ ಬೆಳಿಗ್ಗೆ ತಮ್ಮನೂ ನಾನೂ ಅಳೆದು ನೋಡಿದೆವು. ಹತ್ತಡಿಯಿದ್ದದ್ದು ಈಗ ಒಂಬತ್ತಡಿ ನಾಲ್ಕಂಗುಲವಿದೆ. ಗೋಡೆಗೆ ಅಂಟಿಸಿದ ಕಲ್ಲು ಒಂದಿಷ್ಟು ತಿಂದಿದೆ, ಉಳಿದದ್ದು ಕಾಂಪೌಂಡಿನ ಕಡೆಯಿಂದ ಹೋಗಿದೆ. ಸಂಪಿನ ಮುಚ್ಚಳ ಜಗುಲಿಯ ನಟ್ಟನಡುವೆ ಬರುತ್ತದೆ, ಚೇಂಬರ್ ಎಡಮೂಲೆಗೆ.

ಹೆಂಚಿನ ಯೋಚನೆಯನ್ನು ಕೈಬಿಟ್ಟಿದ್ದೇವೆ. ಮೆಟ್ಟಿಲಿನ ಎತ್ತರಕ್ಕೆ ಸರಿಯಾಗಿ, ಐದಡಿ ಅಗಲದ, ಮಾಡಿಲ್ಲದ ಜಗುಲಿಯನ್ನೂ ಅದಕ್ಕೆ ಇಳಿಜಾರಿನ ಹಾದಿಯನ್ನೂ ನಕ್ಷೆಯಲ್ಲಿ ಬರೆಸಿ ಪಾಲಿಕೆಗೆ ಸಲ್ಲಿಸಲು ವಾಸ್ತುಶಿಲ್ಪಿಯೊಬ್ಬರು ಒಪ್ಪಿದ್ದಾರೆ. ಬಿಸಿಲಿಗೆ, ಬೇಕೆನಿಸಿದಾಗ ಬಿಚ್ಚಿ ಮತ್ತೆ ಸುತ್ತಿಡುವ ಬಿದಿರಿನ ತಡಿಕೆ ಸಾಕೆಂದು ಅಮ್ಮನೇ ಹೇಳಿದರು. ಬನ್ನಿಮಂಟಪದವರಿಗೆ ಒಂದು ಪ್ರಶ್ನೆ: ಸಂಪು ಮತ್ತು ಚೇಂಬರಿನ ಮೇಲೆ ಬರುವ ಹಲಗೆಗಳನ್ನು ಒಂದೇ ಚೌಕಟ್ಟಿಗೆ ಜೋಡಿಸಿ, ಇಬ್ಬರು ಎತ್ತುವಂಥ ಮುಚ್ಚಳವಾಗಿ ಮಾಡಿಕೊಡಲು ಸಾಧ್ಯವೇ?