ಪದಚರ್ಚೆ: ವಿಶೇಷ ಶಾಲೆಯ ವರದಿಯಲ್ಲಿ "ದಾಖಲಾತಿ" ಅಂದರೆ ಯಾವುದು?

ಎಲ್ಲರಿಗೂ ನಮಸ್ಕಾರ,

ವೈಕಲ್ಯ ಇರುವ ಮಕ್ಕಳ ಒಂದು ಸಣ್ಣ ವಿಶೇಷ ಪ್ರೌಢಶಾಲೆಯ ವಾರ್ಷಿಕ ವರದಿಯ ಕನ್ನಡ ತಿದ್ದುತ್ತಿದ್ದೇನೆ. ಮೊದಲ ಪುಟದಲ್ಲೇ ಈ ಸಾಲು: "ದಾಖಲಾತಿ ಇಲ್ಲದ ಮಕ್ಕಳು ಈ ವರ್ಷ ಜಾಸ್ತಿ."

ಏನರ್ಥ ಹೇಳಿ? ಶಾಲೆಗೆ ಸೇರದೆ ಹೊರಗೇ ಉಳಿದವರಾ, ಇಲ್ಲ ಸೇರಿದ್ದರೂ ಯುಡಿಐಡಿ ಕಾರ್ಡು (ವೈಕಲ್ಯ ಇರುವವರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ), ಡಾಕ್ಟರ ಸರ್ಟಿಫಿಕೇಟು ಇಲ್ಲದವರಾ? ಬರೆದ ಮೇಷ್ಟ್ರನ್ನು ಕೇಳಿದರೆ ಎರಡನೆಯದು ಅಂದರು. ಕಚೇರಿಗಳಲ್ಲಿ "ಅಗತ್ಯ ದಾಖಲಾತಿಗಳೊಂದಿಗೆ ಬನ್ನಿ" ಅಂತಾರೆ, ಶಿಕ್ಷಣ ಇಲಾಖೆಯವರು ಶಾಲೆ ಶುರುವಾಗುವ ಹೊತ್ತಿಗೆ "ದಾಖಲಾತಿ ಆಂದೋಲನ" ಮಾಡ್ತಾರೆ. ಕಾಗದಕ್ಕೂ ಅದೇ, ಸೇರ್ಪಡೆಗೂ ಅದೇ. ಬೇರೆ ಕಡೆ ಸಂದರ್ಭ ನೋಡಿ ತಿಳಿಯುತ್ತೆ. ಇಲ್ಲಿ ಎರಡೂ ಒಂದೇ ಪುಟದಲ್ಲಿ ಬರುತ್ತವೆ, ಅದೇ ತಾಪತ್ರಯ.

ಕಾಗದಕ್ಕೆ ಸುಮ್ನೆ "ದಾಖಲೆ" ಅಂತ ಹಾಕಿ, "ದಾಖಲಾತಿ"ಯನ್ನು ಸೇರ್ಪಡೆಗೇ ಬಿಡಬಹುದು. ಆದರೆ ಈ ವರ್ಷ ಹೊಸದಾಗಿ ಸೇರಿದವರು ಬೇರೆ, ಪುಸ್ತಕದಲ್ಲಿ ಹೆಸರಿರುವ ಅಷ್ಟೂ ಮಕ್ಕಳು ಬೇರೆ, ದಿನಾ ಬರುವವರು ಬೇರೆ. ಕೊನೆಯದು ಹಾಜರಾತಿ, ತಕರಾರಿಲ್ಲ. ಮೊದಲನೆಯದಕ್ಕೆ "ಪ್ರವೇಶ", ಎರಡನೆಯದಕ್ಕೆ "ಒಟ್ಟು ದಾಖಲಾತಿ" ಅಂತ ನನ್ನ ಲೆಕ್ಕ. ಈ ವ್ಯತ್ಯಾಸ ಬರೀ ಮಾತಿನ ಜಗ್ಗಾಟ ಅಲ್ಲ. ಸರ್ಕಾರದ ಶಾಲಾ ಯೋಜನೆಯಾದ ಸಮಗ್ರ ಶಿಕ್ಷಣದ ಗೃಹಾಧಾರಿತ ಶಿಕ್ಷಣ ನೋಡಿ: ತೀವ್ರ ವೈಕಲ್ಯ ಇರುವ ಮಗುವಿನ ಹೆಸರು ಹತ್ತಿರದ ಶಾಲೆಯ ಪುಸ್ತಕದಲ್ಲಿರುತ್ತೆ, ಪಾಠ ಹೇಳಿಕೊಡುವವರು ಮನೆಗೇ ಹೋಗುತ್ತಾರೆ. ದಾಖಲಾತಿ ಇದೆ, ಬೆಂಚು ಇಲ್ಲ.

ಇನ್ನೊಂದು ತಲೆಬರಹ "ವಿದ್ಯಾರ್ಥಿ ಜನಸಂಖ್ಯಾಶಾಸ್ತ್ರ". ಯಾವುದೋ ಯಂತ್ರದ ಅನುವಾದ ಇರಬೇಕು. ಕೆಳಗಿರುವುದು ತರಗತಿ, ವಯಸ್ಸು, ಗಂಡು ಹೆಣ್ಣು, ಜಾತಿ ವರ್ಗ, ವೈಕಲ್ಯ ಇಷ್ಟೇ. "ಮಕ್ಕಳ ವಿವರ" ಸಾಕಲ್ವಾ?

ಕಷ್ಟ ಇರೋದು ವೈಕಲ್ಯದ ಕಾಲಂನಲ್ಲಿ. ವೈಕಲ್ಯ ಇರುವವರ ಹಕ್ಕುಗಳ 1995ರ ಕಾಯ್ದೆಯಲ್ಲಿ ವೈಕಲ್ಯದ 7 ಬಗೆ ಇದ್ದವು, 2016ರದ್ದರಲ್ಲಿ 21. ಹೊಸ ಕಾಯ್ದೆ ಹಳೆಯ ಹೆಸರು ಬಿಟ್ಟು ಬೌದ್ಧಿಕ ವೈಕಲ್ಯ ಅನ್ನುತ್ತೆ, ಈ ಶಾಲೆಯ ರಿಜಿಸ್ಟರಿನಲ್ಲಿ ಇನ್ನೂ "ಬುದ್ಧಿಮಾಂದ್ಯ" ಅಂತಲೇ ಇದೆ. ಅದನ್ನು ವರದಿಯಲ್ಲಿ ತೆಗೆಯುತ್ತೇನೆ, ಕೇಳೋದೇ ಬೇಡ. "ಶ್ರವಣದೋಷ"ದ ಬಗ್ಗೆ ಮಾತ್ರ ಗೊಂದಲ. ಸಂಜ್ಞಾಭಾಷೆ ಬಳಸುವ ಅನೇಕರಿಗೆ "ದೋಷ" ಅನ್ನಿಸಿಕೊಳ್ಳೋದು ಇಷ್ಟವಿಲ್ಲ, "ಕಿವುಡರು" ಅಂತ ನೇರವಾಗಿ ಹೇಳಿ ಅನ್ನುತ್ತಾರೆ. ತಂದೆತಾಯಿಗೆ ಅದೇ ಪದ ಬೈಗುಳದ ಹಾಗೆ ಕೇಳುತ್ತೆ. ವರದಿ ಓದುವವರು ಇಬ್ಬರೂ.

ಕಿವಿ ಕಣ್ಣು ಎರಡೂ ಕಷ್ಟ ಇರುವ ಒಬ್ಬ ಹುಡುಗಿಯನ್ನು ಎರಡು ಕಾಲಂನಲ್ಲೂ ಬರೆದಿದ್ದರು, ಹಾಗಾಗಿ ವೈಕಲ್ಯದ ಮೊತ್ತ ಮಕ್ಕಳ ಒಟ್ಟು ಸಂಖ್ಯೆಗಿಂತ ಹೆಚ್ಚಾಗಿತ್ತು. "ಬಹುವೈಕಲ್ಯ" ಅಂತ ಬೇರೆ ಕಾಲಂ ಮಾಡಿದೆ, ಲೆಕ್ಕ ಕೂಡಿತು. ಆದರೆ ತರಗತಿ, ಲಿಂಗ, ಜಾತಿ ವರ್ಗ ಎಲ್ಲ ಸೇರಿ ಕೋಷ್ಟಕದ ಒಂದು ಮನೆಯಲ್ಲಿ "1" ಅಂತ ಬಿದ್ದರೆ ಅದು ಯಾರು ಅಂತ ಊರಿಗೇ ಗೊತ್ತಾಗುತ್ತೆ. ಅದಕ್ಕೇ ಮೂರೂ ತರಗತಿ ಕೂಡಿಸಿ ಒಂದೇ ಸಾಲು ಮಾಡಿದ್ದೇನೆ.

ಈಗ ನನ್ನ ಪ್ರಶ್ನೆ ಎರಡೇ. "ಪ್ರವೇಶ", "ಒಟ್ಟು ದಾಖಲಾತಿ" ಅಂತ ಬೇರೆ ಮಾಡಿದರೆ ನಿಮ್ಮ ಕಡೆಯ ಮೇಷ್ಟ್ರುಗಳಿಗೆ ಸಲೀಸಾಗಿ ತಿಳಿಯುತ್ತಾ? "ಕಿವುಡರು", "ಶ್ರವಣದೋಷ" ಎರಡರಲ್ಲಿ ಶಾಲೆಯ ವರದಿಗೆ ನೀವು ಯಾವುದನ್ನು ಹಾಕುತ್ತೀರಿ? ವಿಶೇಷ ಶಾಲೆಗಳಲ್ಲಿ ಪಾಠ ಮಾಡಿದವರು ಬರೆದರೆ ಹೆಚ್ಚು ಉಪಯೋಗ.