ಓವನ್ ಇಲ್ಲದೆ ಮಾವು–ಅನಾನಸ್–ತೆಂಗಿನ ಪದರಗಳ ಸಿಹಿ: ಬೇಸಿಗೆಯಲ್ಲಿ ಕರಗದಂತೆ ಮಾಡುವುದು ಹೇಗೆ?

ಪ್ರಶ್ನೆ: ಬಿಸಿಲೂರು (ರಾಯಚೂರು)

ಎಲ್ಲರಿಗೂ ನಮಸ್ಕಾರ. ಮೇ ತಿಂಗಳಲ್ಲಿ ನಮ್ಮ ಮನೆಯಲ್ಲಿ ತಂಗಿಯ ಮಗುವಿನ ತೊಟ್ಟಿಲು ಕಾರ್ಯಕ್ರಮವಿದ್ದು, ಸುಮಾರು 40 ಜನ ಊಟಕ್ಕೆ ಬರುವವರಿದ್ದಾರೆ. ಹೋಳಿಗೆ, ಶ್ಯಾವಿಗೆ ಪಾಯಸ ಹೇಗೂ ಇರುತ್ತವೆ. ಅವುಗಳ ಜೊತೆಗೆ ಮಾವು, ಅನಾನಸ್, ತೆಂಗಿನಕಾಯಿ ಮೂರೂ ಸೇರಿದ, ಕತ್ತರಿಸಿದರೆ ಪದರ ಪದರವಾಗಿ ಕಾಣುವ ತಣ್ಣನೆಯ ಸಿಹಿಯೊಂದನ್ನು ಮಾಡಬೇಕೆಂಬುದು ಮಕ್ಕಳ ಹಟ. ನಮ್ಮಲ್ಲಿ ಓವನ್ ಇಲ್ಲ, ಇರುವುದು ಒಂದೇ ಬಾಗಿಲಿನ ಫ್ರಿಜ್. ಮಧ್ಯಾಹ್ನದ ಹೊತ್ತಿನಲ್ಲಿ ಕರೆಂಟ್ ಹೋಗುವುದು ಸಾಮಾನ್ಯ. ಹಿರಿಯರು ಮೊಟ್ಟೆಯನ್ನೂ, ಪ್ರಾಣಿಗಳ ಮೂಳೆ-ಚರ್ಮದಿಂದ ತೆಗೆಯುವ ಜೆಲಾಟಿನ್ನನ್ನೂ ಮುಟ್ಟುವುದಿಲ್ಲ.

ನಾನು ನೋಡಿದ ವಿಧಾನಗಳಲ್ಲಿ ಬಹುಪಾಲು ಒಂದೇ ಬಗೆಯವು: ಬಿಸ್ಕತ್ತಿನ ಪುಡಿಗೆ ಬೆಣ್ಣೆ ಕಲಸಿ ತಳ ಮಾಡುವುದು, ಅದರ ಮೇಲೆ ಕ್ರೀಮ್ ಹರಡುವುದು, ಅದರ ಮೇಲೆ ಹಣ್ಣಿನ ಜೆಲ್ಲಿ ಸುರಿಯುವುದು. ನಮ್ಮೂರಿನ ಬಿಸಿಲಿಗೆ ಇದು ಬಡಿಸುವ ಮೊದಲೇ ಪಾಯಸವಾಗಿಬಿಡುತ್ತದೆಯೇನೋ ಎಂಬ ಅನುಮಾನವಿದೆ. ಸಂಬಂಧಿಕರ ಮನೆಯೊಂದರಲ್ಲಿ ಜೆಲಾಟಿನ್ ಹಾಕಿ ಮಾಡಿದ ಅನಾನಸ್ ಜೆಲ್ಲಿಯು ರಾತ್ರಿಯಿಡೀ ಫ್ರಿಜ್ಜಿನಲ್ಲಿದ್ದರೂ ನೀರಾಗಿಯೇ ಉಳಿದಿತ್ತೆಂದು ಕೇಳಿದ್ದೇನೆ, ಅದಕ್ಕೆ ಕಾರಣವೇನು? ಅಳತೆಯ ಸಮೇತ ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಅಳತೆಗೋಲು (ಧಾರವಾಡ)

ತಮ್ಮ ಅನುಮಾನ ಸರಿಯಾಗಿಯೇ ಇದೆ. ಬೆಣ್ಣೆ ಸುಮಾರು 35 ಡಿಗ್ರಿಯೊಳಗೇ ಕರಗುತ್ತದೆ, ಜೆಲಾಟಿನ್ ಕೂಡ ಹೆಚ್ಚು ಕಡಿಮೆ ಅದೇ ಬಿಸಿಗೆ ಸಡಿಲವಾಗುತ್ತದೆ. ಮೇ ತಿಂಗಳ ರಾಯಚೂರಿನಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುವುದರಿಂದ, ಈ ಎರಡನ್ನು ನಂಬಿದ ಸಿಹಿ ಫ್ರಿಜ್ಜಿನಿಂದ ಹೊರಬಂದ ಕೆಲವೇ ನಿಮಿಷಗಳಲ್ಲಿ ಆಕಾರ ಕಳೆದುಕೊಳ್ಳುತ್ತದೆ. ಬಿಸ್ಕತ್ತು ಮತ್ತು ಕ್ರೀಮ್ ಎರಡನ್ನೂ ಬಿಟ್ಟು, ಮೂರು ಪದರಗಳನ್ನೂ ಚೈನಾ ಗ್ರಾಸ್‌ನಿಂದಲೇ ಕಟ್ಟುವುದು ಸೂಕ್ತ ಎಂಬುದು ನನ್ನ ಅಭಿಪ್ರಾಯ. ಅದು ಕಡಲಪಾಚಿಯಿಂದ ತೆಗೆದದ್ದಾದ್ದರಿಂದ ಹಿರಿಯರ ಆಕ್ಷೇಪಕ್ಕೆ ಆಸ್ಪದವಿಲ್ಲ. ಕರಗಬೇಕಾದರೆ ಅದನ್ನು ಚೆನ್ನಾಗಿ ಕುದಿಸಲೇಬೇಕು, ಗಟ್ಟಿಯಾಗುವುದು 35ರಿಂದ 40 ಡಿಗ್ರಿಯ ಆಸುಪಾಸಿನಲ್ಲಿ. ಆದರೆ ಒಮ್ಮೆ ಗಟ್ಟಿಯಾದ ಮೇಲೆ ಮತ್ತೆ ಕರಗಲು 85 ಡಿಗ್ರಿಯಷ್ಟು ಬಿಸಿ ಬೇಕಾಗುತ್ತದೆ. ಹೀಗಾಗಿ ಕರೆಂಟ್ ಹೋದರೂ ಪದರಗಳು ಕುಸಿಯುವುದಿಲ್ಲ.

ಇದರಲ್ಲಿಯೇ ತಮ್ಮ ಊರಿಗೆ ಸಂಬಂಧಿಸಿದ ಒಂದು ತೊಡಕೂ ಇದೆ. ಅಡುಗೆಮನೆಯ ಗಾಳಿಯೇ 40 ಡಿಗ್ರಿ ಇದ್ದರೆ ಟ್ರೇಯನ್ನು ಕಟ್ಟೆಯ ಮೇಲೆ ಎಷ್ಟು ಹೊತ್ತು ಇಟ್ಟರೂ ಮಿಶ್ರಣ ಗಟ್ಟಿಯಾಗುವುದಿಲ್ಲ. ಆದ್ದರಿಂದ ರಾತ್ರಿ ಅಥವಾ ನಸುಕಿನಲ್ಲಿ ಕೆಲಸಕ್ಕೆ ಕೂರಿರಿ, ಅಗಲವಾದ ಪರಾತದಲ್ಲಿ ತಣ್ಣೀರು ಮತ್ತು ಒಂದಿಷ್ಟು ಐಸ್ ಹಾಕಿ ಅದರೊಳಗೆ ಟ್ರೇಯನ್ನು ಇಡಿರಿ.

ಅಳತೆ ಹೀಗಿದೆ. ತಲೆಗೆ 100 ಮಿ.ಲೀ. ಹಿಡಿದರೆ ಒಟ್ಟು 4 ಲೀಟರ್ ಆಗುತ್ತದೆ. 12 ಅಂಗುಲ ಉದ್ದ, 9 ಅಂಗುಲ ಅಗಲದ ಎರಡು ಸ್ಟೀಲ್ ಟ್ರೇಗಳಲ್ಲಿ ತಲಾ 2 ಲೀಟರ್ ಹಾಕಿದರೆ ಸುಮಾರು 3 ಸೆಂ.ಮೀ. ಎತ್ತರ ಬರುತ್ತದೆ, ಪ್ರತಿ ಟ್ರೇಯಿಂದ 20 ತುಂಡುಗಳು ಸಿಗುತ್ತವೆ. ಒಂದು ಟ್ರೇಗೆ ಅನಾನಸ್ ಪದರ 600 ಮಿ.ಲೀ., ತೆಂಗಿನ ಹಾಲಿನ ಪದರ 600 ಮಿ.ಲೀ., ಮಾವಿನ ಪದರ 800 ಮಿ.ಲೀ. ಇರಲಿ. ಎಳೆಯ ರೂಪದ ಚೈನಾ ಗ್ರಾಸ್ ಲೀಟರಿಗೆ 10 ಗ್ರಾಂನಂತೆ, ಅಂದರೆ ಕ್ರಮವಾಗಿ 6, 6 ಮತ್ತು 8 ಗ್ರಾಂ ಸಾಕು. ಎರಡೂ ಟ್ರೇಗಳಿಗೆ ಸೇರಿ 10 ಗ್ರಾಂನ ನಾಲ್ಕು ಪೊಟ್ಟಣ ತಂದಿಟ್ಟುಕೊಳ್ಳಿ. ಪುಡಿ ಸಿಕ್ಕಿದರೆ ಅದರ ಹಿಡಿತ ಎಳೆಗಿಂತ ಹೆಚ್ಚಿರುವುದರಿಂದ ಪ್ರಮಾಣವನ್ನು ಇಳಿಸಬೇಕಾಗುತ್ತದೆ.

ಎಳೆಗಳನ್ನು ಕತ್ತರಿಯಿಂದ ತುಂಡರಿಸಿ ಅರ್ಧ ಗಂಟೆ ನೆನೆಸಿ, ಪ್ರತಿ ಪದರಕ್ಕೂ ಬೇರೆಯಾಗಿ 250 ಮಿ.ಲೀ. ನೀರಿನಲ್ಲಿ ಸಣ್ಣ ಉರಿಯಲ್ಲಿ, ಒಂದು ಎಳೆಯೂ ಕಾಣದಂತಾಗುವವರೆಗೆ ಕುದಿಸಿ ಸೋಸಿಕೊಳ್ಳಿ. ಹಣ್ಣಿನ ತಿರುಳನ್ನು ಇದರ ಜೊತೆಗೇ ಹಾಕಿ ಕುದಿಸಬಾರದು. ಹುಳಿಯೊಂದಿಗೆ ಕುದಿದರೆ ಚೈನಾ ಗ್ರಾಸ್‌ನ ಕಟ್ಟುವ ಗುಣ ಕುಂದುತ್ತದೆ, ಮಾವಿನ ಪರಿಮಳವೂ ಹಾರಿಹೋಗುತ್ತದೆ. ಹಾಗೆಂದು ಫ್ರಿಜ್ಜಿನಿಂದ ತೆಗೆದ ತಣ್ಣನೆಯ ತಿರುಳನ್ನು ನೇರವಾಗಿ ಸೇರಿಸಿದರೆ ಮಿಶ್ರಣ ಅಲ್ಲಲ್ಲೇ ಗಂಟು ಕಟ್ಟುತ್ತದೆ. ತಿರುಳಿನ ಪಾತ್ರೆಯನ್ನು ಬಿಸಿನೀರಿನ ಮೇಲಿಟ್ಟು, ಬೆರಳಿಗೆ ಬೆಚ್ಚಗೆನ್ನಿಸಿದ ಮೇಲೆ ಬೆರೆಸುವುದು ಸರಿಯಾದ ಕ್ರಮ. ಬೆರೆಸಿದೊಡನೆ ಒಂದು ಚಮಚವನ್ನು ತಣ್ಣಗಿನ ತಟ್ಟೆಯ ಮೇಲೆ ಹಾಕಿ ಫ್ರಿಜ್ಜಿನಲ್ಲಿ ಒಂದೆರಡು ನಿಮಿಷ ಇಟ್ಟು ನೋಡಿ. ತಟ್ಟೆಯನ್ನು ವಾಲಿಸಿದಾಗ ಜಾರದೆ ನಿಂತರೆ ಟ್ರೇಗೆ ಸುರಿಯಬಹುದು. ಜಾರಿದರೆ ಇನ್ನೊಂದಿಷ್ಟು ಚೈನಾ ಗ್ರಾಸ್ ಕರಗಿಸಿ ಸೇರಿಸಲು ಆಗಲೂ ಅವಕಾಶವಿರುತ್ತದೆ.

ಮಾವಿನ ವಿಷಯದಲ್ಲಿ ಇಷ್ಟೇ: ನಾರಿಲ್ಲದ, ಗಟ್ಟಿ ತಿರುಳಿನ ಬಾದಾಮಿ ಅಥವಾ ತಮ್ಮ ಕಡೆ ಸುಲಭವಾಗಿ ಸಿಗುವ ಬೇನಿಷಾ ಉತ್ತಮ. ರಸಪುರಿಯ ರುಚಿ ಹೆಚ್ಚಿನದೇ ಆದರೂ ಅದರಲ್ಲಿ ರಸ ಜಾಸ್ತಿ, ಅದನ್ನು ಬಳಸಿದರೆ ನೀರಿನ ಪ್ರಮಾಣ ಕಡಿಮೆ ಮಾಡಿ.

ಉತ್ತರ: ಕಾಳುಮೆಣಸಿನ ಬಳ್ಳಿ (ಶಿರಸಿ)

ಜೆಲಾಟಿನ್ ಜೆಲ್ಲಿ ಏಕೆ ನೀರಾಗಿ ಉಳಿಯಿತೆಂಬ ಪ್ರಶ್ನೆಗೆ ಮೇಲಿನವರು ಉತ್ತರಿಸಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ. ಬನವಾಸಿಯ ಸುತ್ತಮುತ್ತ ಅನಾನಸ್ ಬೆಳೆ ದೊಡ್ಡದು, ನಮ್ಮ ಮನೆಗಳಲ್ಲಿ ಈ ಹಣ್ಣಿನ ಸ್ವಭಾವ ಗೊತ್ತಿರುವಂಥದ್ದೇ. ಹಸಿ ಅನಾನಸ್‌ನಲ್ಲಿ ಬ್ರೋಮೆಲಿನ್ ಎಂಬ ಕಿಣ್ವವಿದ್ದು, ಅದು ಪ್ರೋಟೀನನ್ನು ತುಂಡರಿಸುತ್ತದೆ. ಹೆಚ್ಚು ಹಣ್ಣು ತಿಂದಾಗ ನಾಲಿಗೆ ಉರಿಯುವುದರಲ್ಲಿಯೂ ಅದರ ಪಾಲಿದೆ. ಜೆಲಾಟಿನ್ ಪ್ರೋಟೀನಾದ್ದರಿಂದ ಈ ಕಿಣ್ವದ ಎದುರು ಕಟ್ಟಿಕೊಳ್ಳಲಾರದು, ಎಷ್ಟು ಹೊತ್ತು ಫ್ರಿಜ್ಜಿನಲ್ಲಿಟ್ಟರೂ ಪ್ರಯೋಜನವಿಲ್ಲ. ಪರಂಗಿಯಲ್ಲಿ, ಮುಖ್ಯವಾಗಿ ಕಾಯಿಯಲ್ಲಿ, ಇದೇ ಬಗೆಯ ಇನ್ನೊಂದು ಕಿಣ್ವವಿದೆ. ಚೈನಾ ಗ್ರಾಸ್‌ನಲ್ಲಿರುವುದು ಪ್ರೋಟೀನಲ್ಲ, ಶರ್ಕರದ ಸರಪಳಿ. ಹಾಗಾಗಿ ಅದಕ್ಕೆ ಕಿಣ್ವದ ಭಯವಿಲ್ಲ.

ಆದರೂ ಅನಾನಸ್ಸನ್ನು ಬೇಯಿಸಿಯೇ ಹಾಕಬೇಕೆಂದು ನಾನು ಒತ್ತಿ ಹೇಳುತ್ತೇನೆ. ಹಸಿ ಹಣ್ಣು ಹಾಲು, ಮೊಸರು, ಕ್ರೀಮುಗಳ ಜೊತೆ ಸೇರಿ ಹೊತ್ತು ಕಳೆದಂತೆ ಕಹಿ ತಿರುಗುತ್ತದೆ. ಕುದಿಸಿದರೆ ಆ ಕಿಣ್ವ ನಾಶವಾಗುತ್ತದೆ. ಹಣ್ಣಿನ ಕಣ್ಣುಗಳನ್ನು ಓರೆಯಾಗಿ ತೆಗೆದು, ನಡುವಿನ ದಿಂಡನ್ನು ಬಿಟ್ಟು, ತೊಗರಿ ಬೇಳೆಯ ಗಾತ್ರಕ್ಕೆ ಹೆಚ್ಚಿ, ಸಕ್ಕರೆಯೊಂದಿಗೆ ಅದರ ನೀರಿನಲ್ಲಿಯೇ ಹತ್ತು ನಿಮಿಷ ಬೇಯಿಸಿ. ಹೋಳುಗಳು ಮಾಸಲು ಬಿಳುಪು ಕಳೆದು ಗಾಜಿನಂತೆ ಪಾರದರ್ಶಕವಾಗಿ, ಹೊಳೆಯುವ ಹಳದಿಗೆ ತಿರುಗಿದಾಗ ಇಳಿಸಿರಿ. ದೊಡ್ಡ ಹೋಳುಗಳನ್ನು ಹಾಕಿದರೆ ಚಾಕು ಆಡಿಸುವಾಗ ಹೋಳು ಎಳೆದುಕೊಂಡು ಬಂದು ಇಡೀ ಪದರವೇ ಹರಿಯುತ್ತದೆ. ಕಲ್ಲಂಗಡಿಯನ್ನು ಈ ಸಿಹಿಯ ಹತ್ತಿರವೂ ತರಬೇಡಿ, ಅದು ನೀರು ಬಿಡುತ್ತಲೇ ಇರುತ್ತದೆ.

ಉತ್ತರ: ಎಳನೀರು ಗಂಜಿ (ಉಡುಪಿ)

ನಡುವಿನ ತೆಂಗಿನ ಪದರವನ್ನು ಕುರಿತು ಸ್ವಲ್ಪ ಹೇಳುತ್ತೇನೆ. ಪದರ ಪದರದ ಸಿಹಿ ಎಂದೊಡನೆ ನಮ್ಮ ಕರಾವಳಿಯವರಿಗೆ ಉದ್ದನೆಯ ಲೋಟದಲ್ಲಿ ಐಸ್‌ಕ್ರೀಮ್, ಹಣ್ಣು, ಜೆಲ್ಲಿ, ಗೋಡಂಬಿಗಳನ್ನು ಪೇರಿಸಿದ ಗಡ್‌ಬಡ್ ನೆನಪಾಗುತ್ತದೆ, ಆದರೆ ರಾಯಚೂರಿನ ಮೇ ತಿಂಗಳಲ್ಲಿ 40 ಲೋಟ ಗಡ್‌ಬಡ್ ಜೋಡಿಸುವ ಸಾಹಸವನ್ನು ಯಾರಿಗೂ ಸೂಚಿಸಲಾರೆ. ನಿಮಗೆ ಹೊಂದುವುದು ನಮ್ಮ ಹಣ್ಣಿನ ರಸಾಯನದ ದಾರಿ: ತೆಂಗಿನ ಹಾಲು, ಬೆಲ್ಲ, ಏಲಕ್ಕಿ.

ಕಾಯಿಯನ್ನು ತುರಿದು ರುಬ್ಬಿ ಮೊದಲ ದಪ್ಪ ಹಾಲನ್ನು 350 ಮಿ.ಲೀ.ಯಷ್ಟು ಬೇರೆ ತೆಗೆದಿಡಿ. ಚೈನಾ ಗ್ರಾಸನ್ನು ನೀರಿನ ಬದಲು ಎರಡನೆಯ ತೆಳು ಹಾಲಿನಲ್ಲಿ ಕುದಿಸಿ, ಕರಗಿಸಿ ಸೋಸಿದ ಬೆಲ್ಲವನ್ನು ಅದಕ್ಕೆ ಸೇರಿಸಿ, ಒಲೆಯಿಂದ ಇಳಿಸಿದ ಮೇಲೆಯೇ ದಪ್ಪ ಹಾಲನ್ನು ಬೆರೆಸಿ. ದಪ್ಪ ಹಾಲು ಕುದಿದರೆ ಒಡೆದು ಎಣ್ಣೆ ಬಿಡುತ್ತದೆ. ಬೆರೆಸಿದ ಕೂಡಲೇ ಸುರಿದುಬಿಟ್ಟರೆ ಕೊಬ್ಬೆಲ್ಲ ಮೇಲೆ ತೇಲಿ, ಒಂದೇ ಪದರವು ಮೇಲೆ ಬಿಳಿ, ಕೆಳಗೆ ಕಂದು ನೀರು ಎಂದು ಎರಡಾಗಿ ಒಡೆದುಕೊಳ್ಳುತ್ತದೆ. ಆದ್ದರಿಂದ ಉಗುರುಬೆಚ್ಚಗಾಗಿ ತುಸು ಮಂದವಾಗುವವರೆಗೆ ಸೌಟಿನಿಂದ ತಿರುವುತ್ತಿರಬೇಕು. ಬೆಳ್ಳಗಿನ ಪದರವೇ ಬೇಕಾದರೆ ಬೆಲ್ಲದ ಬದಲು ಸಕ್ಕರೆ ಹಾಕಬಹುದು, ಆದರೆ ಅನಾನಸ್‌ನ ಹುಳಿಗೆ ಬೆಲ್ಲ ಒಪ್ಪುವಂತೆ ಸಕ್ಕರೆ ಒಪ್ಪುವುದಿಲ್ಲ.

ಉತ್ತರ: ಚಕ್ಕಾ (ಬೆಳಗಾವಿ)

ಮೂರು ಪದರಗಳೂ ಚೈನಾ ಗ್ರಾಸ್‌ನವೇ ಆದರೆ ಬಾಯಿಯಲ್ಲಿ ಕರಗುವ ಮೆದುತನ ಎಲ್ಲಿಂದ ಬರಬೇಕು? ಅದು ಹಲ್ಲಿಗೆ ಪುಟಕ್ಕನೆ ಮುರಿಯುವ ಪದಾರ್ಥ. ನಡುವೆ ಶ್ರೀಖಂಡದ ಹಾಗೆ ಕಟ್ಟಿದ ಮೊಸರಿನ ಪದರವಿದ್ದರೆ ತಿನ್ನುವವರಿಗೆ ಹಿತವೆನಿಸುತ್ತದೆ. ಬಟ್ಟೆಯಲ್ಲಿ ಕಟ್ಟಿದ ಮೊಸರನ್ನು ಬೇಸಿಗೆಯಲ್ಲಿ ಹೊರಗೆ ತೂಗುಹಾಕದೆ, ಜರಡಿಯ ಮೇಲಿಟ್ಟು ಫ್ರಿಜ್ಜಿನೊಳಗೇ ರಾತ್ರಿಯಿಡೀ ಸೋರಲು ಬಿಟ್ಟರೆ ಹುಳಿಯಾಗುವುದಿಲ್ಲ. ಪೇಟೆಯಲ್ಲಿ ಸಿಗುವ 25 ಶೇಕಡ ಕೊಬ್ಬಿನ ತಾಜಾ ಕ್ರೀಮನ್ನು ಎಷ್ಟು ಕಡೆದರೂ ಅದು ನೊರೆಗಟ್ಟಿ ನಿಲ್ಲುವುದಿಲ್ಲ, ಅದಕ್ಕಿಂತ ಹೀಗೆ ನೀರು ಸೋರಿಸಿದ ಮೊಸರು, ಅಂದರೆ ಚಕ್ಕಾ, ಎಷ್ಟೋ ವಾಸಿ.

ಉತ್ತರ: ಅಳತೆಗೋಲು (ಧಾರವಾಡ)

ಚಕ್ಕಾದ ರುಚಿಯ ಬಗ್ಗೆ ನನ್ನ ತಕರಾರಿಲ್ಲ, ಧಾರವಾಡದವನಾಗಿ ತಕರಾರು ತೆಗೆಯುವ ಹಕ್ಕೂ ನನಗಿಲ್ಲ. ಆದರೆ ಅದು ಕಟ್ಟಿಕೊಂಡು ನಿಲ್ಲುವ ಪದರವಲ್ಲ. ಅದರ ಮೇಲಿನ ಮಾವಿನ ಪದರ ಕತ್ತರಿಸುವಾಗ ಜಾರುತ್ತದೆ. ಸಣ್ಣ ಕಪ್ಪುಗಳಲ್ಲಿ ಕೊಡುವುದಾದರೆ ಚಕ್ಕಾ ಬಳಸಬಹುದು, ಟ್ರೇಯಲ್ಲಿ ಕತ್ತರಿಸುವುದಾದರೆ ತೆಂಗಿನ ಹಾಲೇ ಸರಿ. ಪುಟಕ್ಕನೆ ಮುರಿಯುತ್ತದೆ ಎಂಬುದು ಚೈನಾ ಗ್ರಾಸ್ ಹೆಚ್ಚಾದಾಗಿನ ಮಾತು. ಮಾವಿನ ತಿರುಳು ಮತ್ತು ದಪ್ಪ ತೆಂಗಿನ ಹಾಲು ಇರುವಲ್ಲಿ ನಾನು ಹೇಳಿದ ಅಳತೆಗೆ ಅಷ್ಟು ಗಡುಸಾಗುವುದಿಲ್ಲ.

ಮರುಪ್ರಶ್ನೆ: ಬಿಸಿಲೂರು (ರಾಯಚೂರು)

ಇಷ್ಟು ವಿವರವಾಗಿ ತಿಳಿಸಿದ ಎಲ್ಲರಿಗೂ ಧನ್ಯವಾದಗಳು. ಟ್ರೇಯನ್ನೇ ಆರಿಸಿಕೊಳ್ಳುತ್ತೇನೆ. ಒಂದು ಪದರದ ಮೇಲೆ ಇನ್ನೊಂದನ್ನು ಯಾವಾಗ ಸುರಿಯಬೇಕು? ಹಿಂದಿನ ದಿನವೇ ಮಾಡಿ, ಬೇಗ ತಣ್ಣಗಾಗಲೆಂದು ಫ್ರೀಜರಿನಲ್ಲಿ ಇಡಬಹುದೇ?

ಉತ್ತರ: ಅಳತೆಗೋಲು (ಧಾರವಾಡ)

ಫ್ರೀಜರ್ ಬೇಡವೇ ಬೇಡ. ಚೈನಾ ಗ್ರಾಸ್‌ನಿಂದ ಕಟ್ಟಿದ್ದು ಹೆಪ್ಪುಗಟ್ಟಿ ಮತ್ತೆ ಕರಗಿದರೆ ಸ್ಪಂಜಿನಂತಾಗಿ ನೀರೆಲ್ಲ ಹೊರಬರುತ್ತದೆ. ಹಿಂದಿನ ರಾತ್ರಿ ಮಾಡಿ ಫ್ರಿಜ್ಜಿನ ಕೆಳಗಿನ ಭಾಗದಲ್ಲಿ ಮುಚ್ಚಿಟ್ಟರೆ ಸಾಕು. ಅದಕ್ಕಿಂತ ಮುಂಚೆ ಮಾಡಿದರೆ ಪದರಗಳು ಅಂಚಿನಲ್ಲಿ ನೀರು ಬಿಡತೊಡಗುತ್ತವೆ.

ಸುರಿಯುವ ಹದ ಈ ಕೆಲಸದ ಮುಖ್ಯ ಭಾಗ. ಅನಾನಸ್ ಪದರವನ್ನು ಮೊದಲು ಹಾಕಿ. ಟ್ರೇಯನ್ನು ಮೆಲ್ಲಗೆ ಅಲುಗಿಸಿದಾಗ ಮೇಲ್ಮೈ ನಡುಗಬೇಕು, ಆದರೆ ಹರಿಯಬಾರದು, ಬೆರಳು ತಾಗಿಸಿದರೆ ತುಸು ಅಂಟಬೇಕು. ಆ ಹದದಲ್ಲಿ ತೆಂಗಿನ ಹಾಲಿನ ಮಿಶ್ರಣವನ್ನು ಸೌಟಿನ ಬೆನ್ನ ಮೇಲಿಂದ ನಿಧಾನವಾಗಿ ಇಳಿಸಿದರೆ ಎರಡೂ ಒಂದಕ್ಕೊಂದು ಹಿಡಿದುಕೊಳ್ಳುತ್ತವೆ. ತೀರಾ ಬೇಗ ಸುರಿದರೆ ಬಣ್ಣಗಳು ಕಲಸಿಹೋಗುತ್ತವೆ, ಪೂರ್ತಿ ತಣ್ಣಗಾಗಿ ಮೇಲ್ಮೈ ಒಣಗಿದ ಮೇಲೆ ಸುರಿದರೆ ಕತ್ತರಿಸುವಾಗ ಪದರಗಳು ಬಿಡಿಬಿಡಿಯಾಗಿ ಏಳುತ್ತವೆ. ಹೊತ್ತು ಮೀರಿಹೋಗಿದ್ದರೆ ಮೇಲ್ಮೈಯನ್ನು ಫೋರ್ಕಿನಿಂದ ಹಗುರವಾಗಿ ಗೀರಿ, ಮುಂದಿನ ಮಿಶ್ರಣವನ್ನು ಸ್ವಲ್ಪ ಹೆಚ್ಚು ಬಿಸಿಯಿರುವಾಗಲೇ ಹಾಕಿ. ಸರದಿ ಬರುವವರೆಗೆ ಮಾವಿನ ಮಿಶ್ರಣ ಪಾತ್ರೆಯಲ್ಲಿಯೇ ಕಟ್ಟಿಕೊಳ್ಳದಂತೆ ಬಿಸಿನೀರಿನ ಮೇಲೆ ಇಟ್ಟಿರಿ.

ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿಕೊಂಡು, ಎಳೆಯದೆ ಮೇಲಿನಿಂದ ಒತ್ತಿ ಕತ್ತರಿಸಿ. ಆಕಾರ ಕೆಡದು ಎಂದ ಮಾತ್ರಕ್ಕೆ ಹೊರಗೆ ಎಷ್ಟು ಹೊತ್ತಾದರೂ ಇಡಬಹುದೆಂದಲ್ಲ: ತೆಂಗಿನ ಹಾಲು ಬೇಗ ಹಳಸುತ್ತದೆ, ಅಷ್ಟು ಬಿಸಿಲಿನಲ್ಲಿ ಒಂದು ಗಂಟೆಯ ಮೇಲೆ ಅದನ್ನು ಮಕ್ಕಳಿಗೆ ಕೊಡಬಾರದು. ಮೊದಲ ಪಂಕ್ತಿಗೆ ಒಂದು ಟ್ರೇ ತೆಗೆಯಿರಿ, ಎರಡನೆಯ ಪಂಕ್ತಿ ಕೂರುವವರೆಗೆ ಇನ್ನೊಂದು ಫ್ರಿಜ್ಜಿನಲ್ಲಿಯೇ ಇರಲಿ.