ಪದಚರ್ಚೆ: ಟೊರೊಂಟೊದ ಹಳೆಯ ಸಿಟಿ ಹಾಲ್ ‘ಪುರಭವನ’ವೇ?

ಪ್ರಶ್ನೆ

ಟೊರೊಂಟೊದ ‘ಓಲ್ಡ್ ಸಿಟಿ ಹಾಲ್’ ಬಗೆಗಿನ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೂರು ಕಡೆ ಪದ ಕೂರುತ್ತಿಲ್ಲ. ಕಟ್ಟಡವನ್ನು ಪುರಭವನ ಎನ್ನಬೇಕೋ, ನಗರಸಭೆ ಎನ್ನಬೇಕೋ? ಗೋಡೆಯ ಮೇಲ್ಭಾಗದಲ್ಲಿ ಹೊರಚಾಚಿದ, ವಾಸ್ತುಶಿಲ್ಪಿಯ ಹೆಸರಿನ ಅಕ್ಷರಗಳನ್ನು ಕೆತ್ತಿರುವ ಕಾರ್ಬೆಲ್ ಕಲ್ಲುಗಳಿಗೆ ‘ಬೋದಿಗೆ’ ಸರಿಯೇ? ಗಡಿಯಾರ ಗೋಪುರದಿಂದ ಚಾಚಿದ ಪ್ರಾಣಿಮುಖದ ಗಾರ್ಗಾಯ್ಲ್‌ಗಳಿಗೆ ‘ಕೀರ್ತಿಮುಖ’ ಎಂದು ಬರೆದಿದ್ದೇನೆ, ಸಮಾಧಾನವಿಲ್ಲ. ಬಲ್ಲವರು ತಿಳಿಸಬೇಕು.

ಉತ್ತರ

ಹೆಸರಿನಿಂದಲೇ ಶುರು ಮಾಡೋಣ. ‘ಪುರಭವನ’ ಬೇಡ. ಅದು ಟೌನ್ ಹಾಲ್‌ಗೆ ನಮ್ಮಲ್ಲಿ ನೆಲೆಯೂರಿರುವ ಪದ ನಿಜ, ಆದರೆ ನಮ್ಮ ಪುರಭವನಗಳು ಸಭೆ, ನಾಟಕ, ಸನ್ಮಾನಗಳ ಜಾಗ. ಬೆಂಗಳೂರಿನ ಪುಟ್ಟಣ್ಣಚೆಟ್ಟಿ ಪುರಭವನ 1935ರಲ್ಲಿ ಆರಂಭವಾದ ಸಭಾಂಗಣ. ಪಾಲಿಕೆಯ ಕಚೇರಿ ಇದ್ದದ್ದು ಅಲ್ಲಿಗೆ ಹತ್ತಿರದ ಹಡ್ಸನ್ ವೃತ್ತದ ಬಳಿ, ಬೇರೆ ಕಟ್ಟಡದಲ್ಲಿ. ಮೈಸೂರಿನವರು ಟೌನ್ ಹಾಲ್ ಎನ್ನುವುದು ದಿವಾನ್ ರಂಗಾಚಾರ್ಲು ಅವರ ನೆನಪಿನ ಭವನಕ್ಕೆ, ಮಂಗಳೂರಿನದು ಕುದ್ಮುಲ್ ರಂಗರಾವ್ ಪುರಭವನ. ಎರಡೂ ಸಭಾಂಗಣಗಳೇ. ಟೊರೊಂಟೊದ ಕಟ್ಟಡವನ್ನು ಪುರಭವನ ಎಂದರೆ ಓದುಗರ ಕಣ್ಣಮುಂದೆ ವೇದಿಕೆಯೂ ಕುರ್ಚಿಗಳ ಸಾಲೂ ಬರುತ್ತವೆ. ಅಲ್ಲಿ ಇದ್ದದ್ದು ಮೇಯರ್ ಕಚೇರಿ, ಕೌನ್ಸಿಲ್ ಮತ್ತು ನ್ಯಾಯಾಲಯ.

‘ನಗರಸಭೆ’ಯ ತೊಡಕು ಬೇರೆ. ಅದು ಸಂಸ್ಥೆಯ ಹೆಸರು, ಕಟ್ಟಡದ್ದಲ್ಲ. ಮೇಲಾಗಿ 1964ರ ಕರ್ನಾಟಕ ಪೌರಸಭೆಗಳ ಕಾಯಿದೆಯಡಿ ಅದೊಂದು ದರ್ಜೆ: ಪಟ್ಟಣ ಪಂಚಾಯಿತಿಗಿಂತ ಮೇಲೆ ಪುರಸಭೆ, ಅದರ ಮೇಲೆ ನಗರಸಭೆ. ಮಹಾನಗರ ಪಾಲಿಕೆಗೆ 1976ರ ಕಾಯಿದೆಯೇ ಬೇರೆ. ಟೊರೊಂಟೊದಂಥ ಊರಿಗೆ ನಗರಸಭೆ ಎಂದರೆ ದರ್ಜೆಯನ್ನು ಇಳಿಸಿದಂತೆ. ಮೊದಲ ಸಲ ‘ಓಲ್ಡ್ ಸಿಟಿ ಹಾಲ್’ ಎಂದು ಅಂಕಿತನಾಮವನ್ನೇ ಇಟ್ಟು, ಮುಂದೆ ‘ಹಳೆಯ ಪಾಲಿಕೆ ಭವನ’ ಎಂದು ಸಾಗಿಸಿ. ‘ಪಾಲಿಕೆ ಸೌಧ’ ಕೂಡ ಆಗಬಹುದು, ಆದರೆ ಸೌಧ ಎಂದ ಕೂಡಲೇ ವಿಧಾನಸೌಧದ ನೆರಳು ಬೀಳುತ್ತದೆ. ಭವನವೇ ಲೇಸು.

‘ಹಳೆಯ’ ಎನ್ನುವುದು ವಯಸ್ಸಿನ ಮಾತಲ್ಲ, ಹೆಸರಿನ ಭಾಗ. 1899ರಲ್ಲಿ ಬಾಗಿಲು ತೆರೆದಾಗ ಅದು ಬರೀ ಸಿಟಿ ಹಾಲ್. 1965ರಲ್ಲಿ ಫಿನ್ಲೆಂಡಿನ ವಿಲ್ಯೊ ರೆವೆಲ್ ವಿನ್ಯಾಸದ ಹೊಸ ಭವನ ಪಕ್ಕದಲ್ಲೇ ಬಂದ ಮೇಲೆ ‘ಓಲ್ಡ್’ ಸೇರಿತು. ಆಮೇಲೆಯೂ ದಶಕಗಳ ಕಾಲ ಅಲ್ಲಿ ನ್ಯಾಯಾಲಯಗಳು ನಡೆದವು. 1960ರ ದಶಕದಲ್ಲಿ ಈಟನ್ ಸೆಂಟರ್ ವಾಣಿಜ್ಯ ಸಂಕೀರ್ಣಕ್ಕಾಗಿ ಗೋಪುರವನ್ನು ಉಳಿಸಿ ಮಿಕ್ಕದ್ದನ್ನು ಕೆಡವುವ ಯೋಜನೆ ಬಂದಿತ್ತು; ಜನ ಎದುರು ನಿಂತದ್ದರಿಂದ ಕಟ್ಟಡ ಉಳಿಯಿತು. ಹಾಗಾಗಿ ನಿಮ್ಮ ಬರಹದಲ್ಲಿ 1899ರ ಸಂಗತಿ ಹೇಳುವಾಗ ‘ಹಳೆಯ’ ಬಿಡಿ, 1965ರ ನಂತರದ್ದಕ್ಕೆ ಸೇರಿಸಿ.

ಇನ್ನು ಕಾರ್ಬೆಲ್. ಬೋದಿಗೆ ಅಲ್ಲ. ಬೋದಿಗೆ ಕಂಬದ ತಲೆಯ ಮೇಲೆ ಕೂತು ತೊಲೆಯ ಭಾರವನ್ನು ಕಂಬಕ್ಕೆ ಇಳಿಸುತ್ತದೆ. ಕಾರ್ಬೆಲ್‌ಗೆ ಕಂಬವೇ ಇಲ್ಲ. ಉದ್ದ ಕಲ್ಲಿನ ಹಿಂಬದಿ ಗೋಡೆಯೊಳಗೆ ಹುದುಗಿರುತ್ತದೆ, ಮುಂಬದಿ ಮಾತ್ರ ಆಚೆ. ಒಳಗಿನ ಬಾಲದ ಮೇಲೆ ಗೋಡೆಯ ಭಾರ ಕೂತಿರುವುದರಿಂದ ಚಾಚು ಬಗ್ಗುವುದಿಲ್ಲ. ಬಾಲ ಗಿಡ್ಡವಾದರೆ ಅಥವಾ ಮೇಲಿನ ಗೋಡೆ ಹಗುರವಾದರೆ ಕಲ್ಲು ಮುಂದಕ್ಕೆ ವಾಲುತ್ತದೆ. ಆದ್ದರಿಂದ ‘ಚಾಚುಗಲ್ಲು’ ಎಂದರೆ ಕೆಲಸವೂ ಆಕಾರವೂ ಒಂದೇ ಪದದಲ್ಲಿ ಸಿಗುತ್ತವೆ. ಮದನಕೈ ಎಂದೂ ಕೆಲವರು ಬರೆಯುತ್ತಾರೆ. ಬೇಲೂರಿನಲ್ಲಿ ಅದು ಕಂಬದಿಂದ ಸೂರಿಗೆ ಓರೆಯಾಗಿ ನಿಂತ ವಿಗ್ರಹದ ಕಲ್ಲು, ಇಲ್ಲಿಗೆ ಹೊಂದದು. ಕಟ್ಟಡದ ವಾಸ್ತುಶಿಲ್ಪಿ ಲೆನಕ್ಸ್ ಈ ಚಾಚುಗಲ್ಲುಗಳನ್ನೇ ಯಾಕೆ ಆರಿಸಿಕೊಂಡರು ಎನ್ನುವುದನ್ನೂ ಬಿಡಬೇಡಿ. ಖರ್ಚು 25 ಲಕ್ಷ ಡಾಲರ್ ದಾಟಿತ್ತು, ಕೆಲಸ ವರ್ಷಗಟ್ಟಲೆ ಎಳೆದಿತ್ತು, ಸಿಟ್ಟಾದ ಕೌನ್ಸಿಲ್ ಅವರ ಹೆಸರಿನ ಫಲಕಕ್ಕೆ ಒಪ್ಪಲಿಲ್ಲ. ಅವರು ಕಟ್ಟಡದ ಸುತ್ತಲೂ ಒಂದೊಂದು ಕಲ್ಲಿಗೆ ಒಂದೊಂದು ಅಕ್ಷರದಂತೆ ‘ಇ. ಜೆ. ಲೆನಕ್ಸ್ ಆರ್ಕಿಟೆಕ್ಟ್ ಎ.ಡಿ. 1898’ ಎಂದು ಕೆತ್ತಿಸಿಬಿಟ್ಟರು. ಭಾರ ಹೊರುವ ಕಲ್ಲನ್ನು ಸುಲಭವಾಗಿ ಕೀಳಲಾಗದು. ‘ಅಲಂಕಾರದ ಪಟ್ಟಿ’ ಎಂದು ಅನುವಾದಿಸಿದರೆ ಈ ಜಾಣ್ಮೆ ಪೂರ್ತಿ ಕಳೆದುಹೋಗುತ್ತದೆ.

ಮೂರನೆಯದು. ಕೀರ್ತಿಮುಖ ಗೋಡೆಗೋ ತೋರಣದ ನೆತ್ತಿಗೋ ಅಂಟಿಕೊಂಡಿರುತ್ತದೆ, ನೀರಿನ ಕೆಲಸ ಅದಕ್ಕಿಲ್ಲ. ಗಾರ್ಗಾಯ್ಲ್ ಮೂಲತಃ ಮಾಡಿನ ನೀರನ್ನು ಗೋಡೆಗೆ ತಾಗದಂತೆ ದೂರ ಉಗುಳುವ ಕಲ್ಲುಬಾಯಿ. ನಮ್ಮ ದೇಗುಲಗಳ ಮಕರ ಪ್ರಣಾಳ ಅದರ ಹತ್ತಿರದ ನೆಂಟ. ಆದರೆ ಗೋಪುರದ ಮೇಲೆ ಬರೀ ಅಲಂಕಾರಕ್ಕೆ ಚಾಚಿದ ಪ್ರಾಣಿಮುಖಕ್ಕೂ ಇಂಗ್ಲಿಷಿನಲ್ಲಿ ಅದೇ ಹೆಸರು ಹೇಳುತ್ತಾರೆ. ನೀರು ಸುರಿಯುವುದಾದರೆ ‘ಮಕರ ಪ್ರಣಾಳ’, ಇಲ್ಲವಾದರೆ ‘ಚಾಚಿದ ವಿಕಾರಮುಖ’. ಟೊರೊಂಟೊದ ಗೋಪುರಕ್ಕೆ ಎರಡನೆಯದೇ ಸುರಕ್ಷಿತ.

ಉತ್ತರಕ್ಕೆ ಒಂದು ಸೇರಿಕೆ

ಕಲ್ಲಿನ ಪದದ ಬಗ್ಗೆಯೂ ಎಚ್ಚರ ಬೇಕು. ಈ ಭವನದ್ದು ಮರಳುಗಲ್ಲು, ಬಹುಪಾಲು ಕ್ರೆಡಿಟ್ ನದಿಯ ಕಣಿವೆಯದು, ಜೊತೆಗೆ ನ್ಯೂ ಬ್ರನ್ಸ್‌ವಿಕ್‌ನ ಕಂದುಗಲ್ಲು. ನಮ್ಮ ಬಾದಾಮಿ, ಪಟ್ಟದಕಲ್ಲಿನದೂ ಮರಳುಗಲ್ಲೇ, ಆದರೆ ಅಲ್ಲಿ ಹಿಮದ ಕಾಟವಿಲ್ಲ. ಟೊರೊಂಟೊದಲ್ಲಿ ಕಲ್ಲಿನ ರಂಧ್ರ ಸೇರಿದ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಸುಮಾರು 9 ಶೇಕಡಾ ಹಿಗ್ಗುತ್ತದೆ, ಹಿಗ್ಗಿ ಕಲ್ಲಿನ ಮುಖವನ್ನು ಹಪ್ಪಳದಂತೆ ಏಳಿಸುತ್ತದೆ. ಎಲ್ಲ ಕಡೆಯಿಂದಲೂ ತೊಯ್ಯುವ, ಆಚೆ ಚಾಚಿದ ಕಲ್ಲಿಗೇ ಮೊದಲ ಪೆಟ್ಟು. ಗೋಪುರದ ವಿಕಾರಮುಖಗಳು ಹೀಗೆ ಸವೆದು 1938ರಲ್ಲಿ ಇಳಿಸಬೇಕಾಯಿತು. 2002ರಲ್ಲಿ ಮತ್ತೆ ಏರಿದವು ಕಂಚಿನವು. ‘ಕಲ್ಲಿನ ಮುಖಗಳನ್ನು ಮರುಸ್ಥಾಪಿಸಲಾಯಿತು’ ಎಂದು ಬರೆದರೆ ತಪ್ಪಾಗುತ್ತದೆ.

ಇಂಥ ಕಟ್ಟಡದ ದುರಸ್ತಿಯ ಮಾತು ಬಂದಲ್ಲಿ ಮಾರ್ಟರ್‌ಗೆ ಕಣ್ಣುಮುಚ್ಚಿ ‘ಗಾರೆ’ ಎನ್ನಬೇಡಿ. ಗಾರೆ ಎಂದರೆ ಸುಣ್ಣದ್ದು ಎಂಬ ಅರ್ಥ ಇನ್ನೂ ಜೀವಂತವಾಗಿದೆ. ಸುಣ್ಣದ ಗಾರೆ ಮರಳುಗಲ್ಲಿಗಿಂತ ಮೆತ್ತಗಿದ್ದು ತೇವವನ್ನು ಸಂದಿಯಿಂದಲೇ ಆಚೆ ಬಿಡುತ್ತದೆ. ಗಟ್ಟಿ ಸಿಮೆಂಟು ತುಂಬಿದರೆ ತೇವ ಕಲ್ಲಿನ ಮೂಲಕವೇ ಹೊರಬರಬೇಕು, ಸಂದಿ ಉಳಿದು ಕಲ್ಲು ಉದುರುತ್ತದೆ. ಮೂಲದಲ್ಲಿ ಯಾವುದೆಂದು ನೋಡಿ ‘ಸುಣ್ಣದ ಗಾರೆ’ ಅಥವಾ ‘ಸಿಮೆಂಟು ಗಾರೆ’ ಎಂದು ಬಿಡಿಸಿ ಬರೆಯಿರಿ.

ಗಡಿಯಾರ ಗೋಪುರ ಎನ್ನುವುದು ಸರಿಯಾಗಿದೆ. ಸುಮಾರು 103 ಮೀಟರ್ ಎತ್ತರದ ಅದು ಮುಂಭಾಗದ ಮಧ್ಯಕ್ಕಿಲ್ಲ. ದಕ್ಷಿಣದಿಂದ ಬರುವ ಬೇ ಸ್ಟ್ರೀಟ್ ಕ್ವೀನ್ ಸ್ಟ್ರೀಟನ್ನು ಸೇರುವ ನೇರಕ್ಕೆ ನಿಂತಿದೆ. ‘ಓರೆಯಾದ ಗೋಪುರ’ ಎಂದರೆ ವಾಲಿದ್ದು ಎಂದಾದೀತು. ‘ನಡುವಿನಿಂದ ಸರಿದು, ಬೀದಿಯ ನೇರಕ್ಕೆ ನಿಂತ ಗೋಪುರ’ ಎಂದು ಬರೆಯಿರಿ.